ಆಟದ ಪೀರಿಯಡ್‌ನಲ್ಲಿ ಗೋಡೆ ಬದಿ ಕೂರುವ ಮಕ್ಕಳು: ಏನು ಮಾಡಲಿ?

ಹೊಸ ಪಿಟಿ ಮಿಸ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಪಿಟಿ ಟೀಚರ್. ಕೆಲಸಕ್ಕೆ ಹೊಸಬಳು. 13ರಿಂದ 16 ವರ್ಷದ ಮಕ್ಕಳು, ಕ್ಲಾಸಿಗೆ ಹೆಚ್ಚೂಕಡಿಮೆ 40 ಜನ. ವಾರಕ್ಕೆ ಎರಡು ಪೀರಿಯಡ್, ಒಂದೊಂದೂ 40 ನಿಮಿಷ.

ಮೊನ್ನೆ ಹೆಡ್‌ಮಿಸ್ ಕರೆದು, "ಮಕ್ಕಳು ಈಚೆಗೆ ಜಾಸ್ತಿ ಟೆನ್ಷನ್ ಮಾಡಿಕೊಳ್ಳುತ್ತಿದ್ದಾರೆ, ಮಂಕಾಗಿ ಇರುತ್ತಾರೆ. ನಿಮ್ಮ ಪೀರಿಯಡ್‌ನಿಂದ ಏನಾದ್ರೂ ಸಹಾಯ ಆಗುತ್ತಾ ನೋಡಿ" ಎಂದರು. ನನಗೂ ಅದೇ ಆಸೆ. ಆದರೆ ಮೈದಾನದಲ್ಲಿ ಕಾಣುವುದೇ ಬೇರೆ. ಆಟ ಚೆನ್ನಾಗಿ ಬರುವ ಹತ್ತು ಹನ್ನೆರಡು ಮಕ್ಕಳು ಪೀರಿಯಡ್ ಪೂರ್ತಿ ಆಡುತ್ತಾರೆ. ಇನ್ನಷ್ಟು ಮಕ್ಕಳು ಅವರ ಹಿಂದೆ ಸುಮ್ನೆ ಓಡಾಡಿಕೊಂಡಿರುತ್ತಾರೆ, ಚೆಂಡು ಅವರ ಹತ್ತಿರ ಬರುವುದೇ ಇಲ್ಲ. ಉಳಿದವರು ಗೋಡೆ ಬದಿ. ಹೊಟ್ಟೆನೋವು, ಶೂ ತಂದಿಲ್ಲ, ಕಾಲು ಉಳುಕಿದೆ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ. ಒಬ್ಬ ಹುಡುಗಿ ಹಾಜರಿ ಕರೆಯುವ ಮೊದಲೇ ನನ್ನ ಹತ್ತಿರ ಬಂದು "ಮಿಸ್, ಇವತ್ತು ಕೂರ್ಲಾ?" ಎಂದು ಮೆಲ್ಲಗೆ ಕೇಳುತ್ತಾಳೆ. ಕಾಯಿಲೆ ಏನೂ ಇಲ್ಲ. ಯಾಕಮ್ಮ ಎಂದರೆ ತಲೆ ತಗ್ಗಿಸುತ್ತಾಳೆ.

ಕೊನೆಯ ಹತ್ತು ನಿಮಿಷ ಉಸಿರಾಟ, ಧ್ಯಾನ ಅಂತ ಸೇರಿಸಿದರೆ ಸಾಕಾಗುತ್ತಾ? ಅಥವಾ ಪೀರಿಯಡ್ ನಡೆಸುವ ರೀತಿಯನ್ನೇ ಬದಲಿಸಬೇಕಾ? ಮುಂದಿನ ತಿಂಗಳು ಫಿಟ್ನೆಸ್ ಟೆಸ್ಟ್ ಬೇರೆ ಇದೆ. ಅದಾದ ಮೇಲೆ ಪರೀಕ್ಷೆ ಹತ್ತಿರ ಬರುತ್ತದೆ, ನನ್ನ ಪೀರಿಯಡ್‌ಗಳನ್ನು ಬೇರೆ ವಿಷಯದವರು ಕೇಳಲು ಶುರು ಮಾಡುತ್ತಾರೆ. ಅನುಭವ ಇರುವವರು ದಯವಿಟ್ಟು ಹೇಳಿ.

ಮೈದಾನದ ಮೇಷ್ಟ್ರು

ಮೇಡಂ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನನ್ನ ಸರ್ವೀಸೆಲ್ಲ ಮೈದಾನದಲ್ಲೇ ಕಳೆದಿದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಕೊನೆಯ ಹತ್ತು ನಿಮಿಷದ ಬಗ್ಗೆ ಆಮೇಲೆ ಯೋಚಿಸೋಣ. ಮೊದಲ ಮೂವತ್ತು ನಿಮಿಷದಲ್ಲಿ ಮಗು ನಾಲ್ಕು ಜನರ ಮುಂದೆ ನಾಚಿಕೆಪಟ್ಟಿದ್ದರೆ ಆಮೇಲೆ ಎಷ್ಟು ಉಸಿರು ಎಳೆದುಕೊಂಡರೂ ಅದು ಹೋಗುವುದಿಲ್ಲ. ಮಕ್ಕಳ ಮನಸ್ಸಿಗೆ ಆಗುವ ಒಳ್ಳೆಯದೂ ಕೆಟ್ಟದ್ದೂ ಆಟ ನಡೆಸುವ ರೀತಿಯಲ್ಲೇ ಇದೆ. ಯಾರು ಯಾರನ್ನು ಆರಿಸುತ್ತಾರೆ, ಚೆಂಡು ಎಷ್ಟಿವೆ, ಯಾರು ನೋಡುತ್ತಾ ನಿಂತಿರುತ್ತಾರೆ, ಏನನ್ನು ಅಳೆಯುತ್ತೇವೆ. ನಾನು ಮೊದಲು ಕೈ ಹಾಕುವುದು ಅಲ್ಲಿಗೇ.

ಟೀಮ್ ಆರಿಸುವುದನ್ನೇ ತೆಗೆದುಕೊಳ್ಳಿ. ಇಬ್ಬರು ಕ್ಯಾಪ್ಟನ್‌ಗಳನ್ನು ನಿಲ್ಲಿಸಿ "ನೀನು ಒಬ್ಬನ್ನ ಕರಿ, ನೀನು ಒಬ್ಬನ್ನ ಕರಿ" ಎನ್ನುತ್ತೇವೆ. ಮೊದಲ ಐದಾರು ಹೆಸರು ಟಕಟಕ ಬರುತ್ತವೆ. ಆಮೇಲೆ ನಿಧಾನ. ಕೊನೆಗೆ ಮೂರು ಜನ ಉಳಿದಾಗ ಅವರನ್ನೊಮ್ಮೆ ನೋಡಿ. ಒಬ್ಬ ಸರಿಯಾಗಿಯೇ ಇರುವ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟುತ್ತಾನೆ. ಇನ್ನೊಬ್ಬಳು ಪಕ್ಕದವಳ ಜೊತೆ ಏನೋ ಮಾತಾಡುವ ಹಾಗೆ ಅತ್ತ ತಿರುಗುತ್ತಾಳೆ. ಕ್ಯಾಪ್ಟನ್ ಹೆಸರು ಕೂಡ ಹೇಳದೆ "ಇವನನ್ನ ನೀನೇ ಇಟ್ಕೋ" ಎಂದುಬಿಡುತ್ತಾನೆ. ಆ ಕ್ಯಾಪ್ಟನ್ ಕೆಟ್ಟವನಲ್ಲ, ಗೆಲ್ಲಬೇಕು ಅನ್ನೋದಷ್ಟೇ ಅವನ ತಲೆಯಲ್ಲಿ ಇರುತ್ತದೆ. ಆದರೆ ವಾರಕ್ಕೆ ಎರಡು ಸಲ ಇದನ್ನು ಅನುಭವಿಸುವ ಮಗು ಒಂದಲ್ಲ ಒಂದು ದಿನ ಶೂ ಮರೆತು ಬರಲು ಶುರು ಮಾಡುತ್ತದೆ. ನಾನು ಟೀಮ್‌ಗಳನ್ನು ಮುಂಚೆಯೇ ಬರೆದುಕೊಂಡು ಹೋಗುತ್ತೇನೆ. ಪಟ್ಟಿ ಓದಿದರೆ ಮುಗಿಯಿತು, ಒಂದು ನಿಮಿಷವೂ ಬೇಡ.

ಇನ್ನು ಚೆಂಡು. 40 ಮಕ್ಕಳಿಗೆ ಒಂದು ಚೆಂಡು ಅಂದರೆ ಆಡುವವರು ಹತ್ತು, ನೋಡುವವರು ಮೂವತ್ತು. ಮೈದಾನವನ್ನು ಕೋನ್ ಇಟ್ಟು ಆರೇಳು ಚಿಕ್ಕ ಅಂಕಣ ಮಾಡಿ. ಮೂರು ಜನಕ್ಕೆ ಮೂರು ಜನ. ಚೆಂಡು ಕಡಿಮೆ ಇದ್ದರೆ ಒಂದೊಂದು ಅಂಕಣದಲ್ಲಿ ಒಂದೊಂದು ಆಟ. ಒಂದು ಕಡೆ ಬ್ಯಾಸ್ಕೆಟ್‌ಬಾಲ್ ಪಾಸಿಂಗ್, ಇನ್ನೊಂದು ಕಡೆ ಫ್ರಿಸ್ಬಿ, ಮತ್ತೊಂದು ಕಡೆ ಹಗ್ಗದಾಟ. ಮೂರು ಜನರ ಟೀಮಿನಲ್ಲಿ ಚೆಂಡು ಎಲ್ಲರ ಕೈಗೂ ಬಂದೇ ಬರುತ್ತದೆ. ಅದಕ್ಕಿಂತ ಮುಖ್ಯ, ನೋಡುವವರು ಯಾರೂ ಉಳಿಯುವುದಿಲ್ಲ, ಎಲ್ಲರೂ ತಮ್ಮ ತಮ್ಮ ಆಟದಲ್ಲಿ ಇರುತ್ತಾರೆ. ಸೋಲಿಗಿಂತ ಸೋತದ್ದನ್ನು ಎಲ್ಲರೂ ನೋಡಿದರು ಅನ್ನುವುದೇ ಈ ವಯಸ್ಸಿನ ಮಕ್ಕಳಿಗೆ ದೊಡ್ಡ ಭಯ.

ಔಟ್ ಆದವರು ಹೊರಗೆ ಕೂರುವ ಆಟಗಳನ್ನು ಬಿಟ್ಟುಬಿಡಿ. ಯಾರಿಗೆ ಅಭ್ಯಾಸ ಬೇಕೋ ಅವರೇ ಮೊದಲ ನಿಮಿಷದಲ್ಲಿ ಹೊರಗೆ ಹೋಗುತ್ತಾರೆ. ಲೇಟಾಗಿ ಬಂದವನಿಗೆ ಎರಡು ರೌಂಡ್ ಓಡಿಸುವುದೂ ಬೇಡ. ಓಟವನ್ನು ಶಿಕ್ಷೆಯಾಗಿ ಕೊಟ್ಟು, ಅದೇ ಬಾಯಲ್ಲಿ "ಓಡಿದರೆ ಮನಸ್ಸಿಗೆ ಒಳ್ಳೆಯದು" ಎಂದರೆ ಯಾವ ಮಗು ನಂಬುತ್ತದೆ ಹೇಳಿ?

ವೇಗದ ಬಗ್ಗೆ ಒಂದು ಮಾತು. ವ್ಯಾಯಾಮ ಮಾಡಿದರೆ ಮನಸ್ಸು ಹಗುರ ಆಗುತ್ತದೆ ಅನ್ನುವುದು ನಿಜ. ಆದರೆ ಉಸಿರು ಕಟ್ಟುವ ಮಟ್ಟ ದಾಟಿದರೆ ಹೆಚ್ಚಿನವರಿಗೆ ಆ ಹೊತ್ತಿನಲ್ಲಿ ಅದು ಹಿಂಸೆ ಅನಿಸುತ್ತದೆ. ಓಡಿ ರೂಢಿ ಇರುವ ಹುಡುಗನಿಗೆ ಸಲೀಸಾದ ವೇಗವೇ ರೂಢಿ ಇಲ್ಲದವನಿಗೆ ಆ ಮಟ್ಟದ ಆಚೆ ಇರುತ್ತದೆ. ಎಲ್ಲರನ್ನೂ ಒಂದೇ ವೇಗದಲ್ಲಿ ಓಡಿಸಿದರೆ ಅವನಿಗೆ ನೆನಪಲ್ಲಿ ಉಳಿಯುವುದು ಸಂಕಟ ಮಾತ್ರ. "ಪಕ್ಕದವನ ಜೊತೆ ಮಾತಾಡುತ್ತಾ ಓಡಲು ಆಗಬೇಕು, ಆಗದಿದ್ದರೆ ನಿಧಾನ ಮಾಡು" ಎಂದು ಹೇಳಿ. ಇದು ವಾರ್ಮ್‌ಅಪ್‌ಗೂ ಒಳ್ಳೆಯದು, ಜೊತೆ ಜೊತೆ ಓಡುವ ಇಬ್ಬರ ನಡುವೆ ಮಾತೂ ಬೆಳೆಯುತ್ತದೆ.

ಬದಿಗೆ ಕೂರುವವರ ವಿಷಯಕ್ಕೆ ಬರೋಣ. ಅಮೆರಿಕದ ಡ್ಯಾರಿಲ್ ಸೀಡೆಂಟಾಪ್ ಎಂಬ ದೈಹಿಕ ಶಿಕ್ಷಣ ತಜ್ಞರು 1980ರ ದಶಕದಿಂದ ಬೆಳೆಸಿದ ಒಂದು ಪದ್ಧತಿ ಇದೆ. ಒಂದೇ ಆಟವನ್ನು ಹಲವು ವಾರ ಒಂದು ಸೀಸನ್ ಥರ ಆಡಿಸುವುದು. ಟೀಮ್ ಬದಲಾಗುವುದಿಲ್ಲ. ಪ್ರತಿಯೊಬ್ಬರಿಗೂ ಆಟದ ಜೊತೆಗೆ ಇನ್ನೊಂದು ಕೆಲಸ ಇರುತ್ತದೆ. ರೆಫ್ರಿ, ಸ್ಕೋರರ್, ಕೋಚ್, ಸಾಮಾನು ನೋಡಿಕೊಳ್ಳುವವರು. ನಾನು ಇದನ್ನು ನನ್ನ ಮಕ್ಕಳಿಗೆ ಹೊಂದುವ ಹಾಗೆ ಮಾಡಿಕೊಂಡು ಬಂದಿದ್ದೇನೆ. ನನ್ನ ಕ್ಲಾಸಿನಲ್ಲಿ ಚೆಂಡು ಕಂಡರೆ ಹಿಂದೆ ಸರಿಯುವ ಹುಡುಗ ಒಬ್ಬನಿದ್ದ. ಅವನಿಗೆ ವಾಲಿಬಾಲ್ ಸ್ಕೋರ್ ಪುಸ್ತಕ ಕೊಟ್ಟೆ. ಅವನು ಅಂಕ ಬರೆಯುವುದರ ಜೊತೆಗೆ ಅಂಚಿನಲ್ಲಿ ಚುಕ್ಕೆ ಇಡುತ್ತಿದ್ದ. ಏನೋ ಅದು ಎಂದೆ. "ಸರ್, ಸರ್ವ್ ಎಲ್ಲ ಹಿಂದಿನ ಎಡಮೂಲೆಗೇ ಬೀಳ್ತಿದೆ. ಅಲ್ಲಿ ನಮ್ಮವರು ಯಾರೂ ನಿಲ್ಲಲ್ಲ" ಎಂದ. ಅವನ ಟೀಮಿನವರು ಪುಸ್ತಕದ ಸುತ್ತ ತಲೆ ಬಗ್ಗಿಸಿ ನಿಂತು ಆ ಚುಕ್ಕೆಗಳನ್ನು ಎಣಿಸಿದರು. ಮುಂದಿನ ಆಟದಲ್ಲಿ "ನೀನೇ ಬಾ, ಆ ಮೂಲೆ ನೀನೇ ನೋಡ್ಕೋ" ಎಂದು ಅವರೇ ಕರೆದರು. ನಾನು ಕರೆದಿದ್ದರೆ ಅವನು ಬರುತ್ತಿರಲಿಲ್ಲ.

ಒಂದು ಎಚ್ಚರ ಮಾತ್ರ ಬೇಕು. ಈ ಕೆಲಸಗಳು ಸರದಿಯಲ್ಲಿ ತಿರುಗಲೇಬೇಕು. ಆಡದ ಮಗುವಿಗೆ ಯಾವಾಗಲೂ ಸ್ಕೋರ್ ಪುಸ್ತಕ, ಆಡುವ ಮಗುವಿಗೆ ಯಾವಾಗಲೂ ಚೆಂಡು ಅಂತ ಆದರೆ ಗೋಡೆ ಬದಿ ಕೂರಿಸಿದ ಹಾಗೇ ಆಯಿತು.

ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಮಾತು ಹೇಳುತ್ತಾರೆ. ಯಾವುದೇ ಕೆಲಸದಲ್ಲಿ ಮನುಷ್ಯನಿಗೆ ಮನಸ್ಸು ನಿಲ್ಲಬೇಕಾದರೆ ಒಂದಿಷ್ಟು ಸ್ವಂತ ಆಯ್ಕೆ ಇರಬೇಕು, ನನಗೆ ಇದು ಬರುತ್ತಿದೆ ಅನಿಸಬೇಕು, ನಾನು ಇವರಲ್ಲಿ ಒಬ್ಬ ಅನಿಸಬೇಕು. ಪೀರಿಯಡ್ ಮುಗಿದ ಮೇಲೆ ನಾನು ಒಂದಿಬ್ಬರು ಮಕ್ಕಳನ್ನು ನೆನಪಿಸಿಕೊಂಡು ಇದನ್ನೇ ಕೇಳಿಕೊಳ್ಳುತ್ತೇನೆ. ಇವತ್ತು ಇವಳು ತಾನಾಗಿ ಏನಾದರೂ ಆರಿಸಿಕೊಂಡಳಾ? ಕಳೆದ ವಾರ ಬಾರದ್ದು ಏನಾದರೂ ಬಂತಾ? ಯಾರಾದರೂ ಇವಳನ್ನು ಹೆಸರು ಹಿಡಿದು ಕರೆದರಾ? ಮೂರಕ್ಕೂ ಇಲ್ಲ ಅಂತ ಬಂದರೆ ಮುಂದಿನ ಪೀರಿಯಡ್ ಆ ಮಗುವಿನಿಂದಲೇ ಶುರು.

ಇಬ್ಬರು ಹೆಣ್ಣುಮಕ್ಕಳ ತಾಯಿ

ಮೇಷ್ಟ್ರು ಹೇಳಿದ್ದೆಲ್ಲ ಸರಿ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದಿಷ್ಟು ಸೇರಿಸಬೇಕು.

ನನ್ನ ದೊಡ್ಡ ಮಗಳು ಚೆನ್ನಾಗಿ ಓಡುತ್ತಿದ್ದಳು. ಎಂಟನೇ ಕ್ಲಾಸಿಗೆ ಬಂದ ಮೇಲೆ ಆಟದ ಪೀರಿಯಡ್ ಇರುವ ದಿನ ಬೆಳಗ್ಗೆಯೇ ಮುಖ ಸಣ್ಣದು ಮಾಡುತ್ತಿದ್ದಳು. ಎಷ್ಟೋ ದಿನ ಆದ ಮೇಲೆ ಬಾಯಿ ಬಿಟ್ಟಳು. ಆಟದ ಯೂನಿಫಾರ್ಮ್ ಬಿಳಿ. ಮುಟ್ಟು ಯಾವಾಗ ಬರುತ್ತದೋ ಅನ್ನುವ ಹೆದರಿಕೆ. ಜೊತೆಗೆ ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಚಿಲಕ ಇಲ್ಲ. ಅಷ್ಟೇ ಕಾರಣ. ಓಡುವುದು ಅವಳಿಗೆ ಇಷ್ಟವೇ ಇತ್ತು.

ವಿಂಬಲ್ಡನ್‌ನಂಥ ಟೆನಿಸ್ ಟೂರ್ನಿಯೇ 2023ರಿಂದ ಬಿಳಿ ಸ್ಕರ್ಟ್ ಒಳಗೆ ಗಾಢ ಬಣ್ಣದ ಶಾರ್ಟ್ಸ್ ಹಾಕಲು ಆಟಗಾರ್ತಿಯರಿಗೆ ಬಿಟ್ಟಿದೆ. ಕಾರಣ ಇದೇ. ಬಿಳಿ ಬಟ್ಟೆಯೇ ಹಾಕಬೇಕು ಅನ್ನುವ ಅಷ್ಟು ಹಳೇ ನಿಯಮ ಬದಲಾಗಬಹುದಾದರೆ ಶಾಲೆಯ ಟ್ರ್ಯಾಕ್ ಪ್ಯಾಂಟ್ ಬಣ್ಣ ಬದಲಾಗಬಾರದಾ?

ಮಿಸ್, ನಿಮ್ಮ ಸಾಮಾನಿನ ಕೋಣೆಯಲ್ಲಿ ಒಂದು ಪೆಟ್ಟಿಗೆಯಲ್ಲಿ ಪ್ಯಾಡ್ ಇಡಿ. ಯಾರನ್ನೂ ಕೇಳದೆ ತೆಗೆದುಕೊಳ್ಳುವ ಹಾಗಿರಲಿ. ಚಿಲಕ ಹಾಕಿಸಿ. "ಯಾಕೆ ಆಡ್ತಿಲ್ಲ" ಎಂದು ಸಾಲಿನಲ್ಲಿ ನಿಂತಿರುವಾಗ ಕೇಳಬೇಡಿ. ಮುಟ್ಟಿನ ದಿನ ಆಡಬಾರದು ಅಂತೇನೂ ಇಲ್ಲ, ಹಗುರ ಓಡಾಟದಿಂದ ಎಷ್ಟೋ ಜನರಿಗೆ ಹೊಟ್ಟೆನೋವು ಕಡಿಮೆಯೂ ಆಗುತ್ತದೆ. ಆದರೆ ಇವತ್ತು ಆಡಬೇಕಾ, ನಡೆದರೆ ಸಾಕಾ ಅನ್ನುವುದನ್ನು ಅವಳೇ ಹೇಳಲಿ.

ವಿಶ್ವ ಆರೋಗ್ಯ ಸಂಸ್ಥೆ 2016ರವರೆಗಿನ ಮಾಹಿತಿ ಇಟ್ಟುಕೊಂಡು 146 ದೇಶಗಳ ಲೆಕ್ಕ ಹಾಕಿತ್ತು. 11ರಿಂದ 17 ವರ್ಷದ ಮಕ್ಕಳಲ್ಲಿ ದಿನಕ್ಕೆ ಬೇಕಾದಷ್ಟು ಮೈ ದಣಿಸದವರು ಹುಡುಗರಲ್ಲಿ ನೂರಕ್ಕೆ 78, ಹುಡುಗಿಯರಲ್ಲಿ ನೂರಕ್ಕೆ 85. ಈ ವ್ಯತ್ಯಾಸದ ಹಿಂದೆ ಇಂಥ ಎಷ್ಟು ಚಿಲಕಗಳಿವೆಯೋ ಅಂತ ನನಗೆ ಅನಿಸುತ್ತದೆ.

ಹೊಸ ಪಿಟಿ ಮಿಸ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಚಿಕ್ಕ ಅಂಕಣ ಮಾಡಿ ನೋಡಿದೆ. ಗದ್ದಲ ಜಾಸ್ತಿ ಆಯಿತು, ಆದರೆ ಕೂತವರು ಕಡಿಮೆ ಆದರು!

ಆ ಹುಡುಗಿಯ ಹತ್ತಿರ ಕೋನ್ ಎತ್ತಿಡುವ ನೆಪದಲ್ಲಿ ಮಾತಾಡಿದೆ. ಯಾಕೆ ಎಂದು ಕೇಳಲಿಲ್ಲ. "ಆಟದಲ್ಲಿ ಯಾವುದು ಸ್ವಲ್ಪ ಬದಲಾದರೆ ನಿನಗೆ ಸರಿ ಹೋಗುತ್ತೆ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೆಂಡು ಕನ್ನಡಕಕ್ಕೆ ಬೀಳತ್ತೆ ಮಿಸ್" ಎಂದಳು. ಹಿಂದೆ ಒಮ್ಮೆ ಕನ್ನಡಕ ಒಡೆದು ಮನೆಯಲ್ಲಿ ಬೈಸಿಕೊಂಡಿದ್ದಳಂತೆ. ತೆಗೆದಿಟ್ಟು ಆಡಿದರೆ ಚೆಂಡೇ ಕಾಣುವುದಿಲ್ಲ. ಇಷ್ಟು ದಿನ ಅದನ್ನು ಯಾರಿಗೂ ಹೇಳಿಲ್ಲ.

ಈಗ ಎರಡು ಅನುಮಾನ. ಚೆನ್ನಾಗಿ ಆಡುವ ಮಕ್ಕಳು "ಇದೇನು ಮಿಸ್, ಚಿಕ್ಕ ಮಕ್ಕಳ ಆಟ" ಎನ್ನುತ್ತಿದ್ದಾರೆ. ಅವರಿಗೆ ಅನ್ಯಾಯ ಆಗಬಾರದು ಅಲ್ವಾ? ಇನ್ನೊಂದು ಆ ಫಿಟ್ನೆಸ್ ಟೆಸ್ಟ್. ಬೀಪ್ ಟೆಸ್ಟ್ (ಬೀಪ್ ಸದ್ದಿಗೆ ಸರಿಯಾಗಿ ಎರಡು ಗೆರೆಗಳ ನಡುವೆ ಅತ್ತಿತ್ತ ಓಡುವುದು, ವೇಗ ಏರುತ್ತಾ ಹೋಗುತ್ತದೆ) ಮಾಡಲೇಬೇಕು ಎಂದಿದ್ದಾರೆ.

ಮೈದಾನದ ಮೇಷ್ಟ್ರು

ಕನ್ನಡಕದ ವಿಷಯ ಹೊರಗೆ ಬಂದದ್ದು ದೊಡ್ಡದು ಮೇಡಂ. ಸ್ಪಾಂಜ್ ಚೆಂಡಿನಿಂದ ಶುರು ಮಾಡಿ. ಮೊದಲು ಗೋಡೆಗೆ ಎಸೆದು ಹಿಡಿಯಲಿ, ಆಮೇಲೆ ಒಂದು ಪುಟಿತ ಬಿದ್ದು ಬರುವ ಚೆಂಡು, ಆಮೇಲೆ ನೇರ ಪಾಸ್. ಚೆಂಡಿನ ಎತ್ತರ ಸೊಂಟದ ಕೆಳಗೇ ಇರಲಿ. ಕನ್ನಡಕ ಬೀಳದ ಹಾಗೆ ತಲೆಯ ಹಿಂದೆ ಕಟ್ಟುವ ಪಟ್ಟಿ ಸಿಗುತ್ತದೆ. ಮನೆಯವರಿಗೆ ಆಗುತ್ತದೆ ಅಂದರೆ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಲೆನ್ಸಿನ ಸ್ಪೋರ್ಟ್ಸ್ ಕನ್ನಡಕ ಇನ್ನೂ ಒಳ್ಳೆಯದು. ಅದಾಗುವವರೆಗೆ ಫ್ರಿಸ್ಬಿ ಬೇಡ. ಓಟ, ರಿಲೇ, ಹಗ್ಗದಾಟದಲ್ಲಿ ಅವಳು ಧಾರಾಳವಾಗಿ ಇರಬಹುದು.

ಚೆನ್ನಾಗಿ ಆಡುವವರ ದೂರು ನ್ಯಾಯವಾದದ್ದೇ. ಅವರನ್ನು ತಡೆದು ನಿಲ್ಲಿಸುವುದು ನಮ್ಮ ಉದ್ದೇಶ ಅಲ್ಲ. ಅದೇ ಆಟದೊಳಗೆ ಅವರಿಗೆ ಕಷ್ಟ ಹೆಚ್ಚಿಸಿ. ಎಡಗೈಯಲ್ಲಿ ಡ್ರಿಬಲ್ ಮಾಡು, ಎರಡೇ ಟಚ್‌ನಲ್ಲಿ ಪಾಸ್ ಕೊಡು, ಟೀಮಿನ ಮೂವರೂ ಮುಟ್ಟದೆ ಗೋಲ್ ಇಲ್ಲ. ಈ ಕೊನೆಯ ನಿಯಮ ಬಂದ ಕೂಡಲೇ ಚುರುಕಾದ ಹುಡುಗ ತನ್ನ ಪಕ್ಕದ ನಿಧಾನದ ಹುಡುಗನಿಗೆ ಚೆಂಡು ಹೇಗೆ ಕೊಟ್ಟರೆ ಹಿಡಿಯುತ್ತಾನೆ ಅಂತ ಯೋಚಿಸಲು ಶುರು ಮಾಡುತ್ತಾನೆ. ನನ್ನ ಪ್ರಕಾರ ಅದು ಆಟದಲ್ಲಿ ಕಲಿಯುವ ಅತಿ ಕಷ್ಟದ ವಿದ್ಯೆ.

ಅಮೆರಿಕದಲ್ಲಿ ಡಾನ್ ಹೆಲಿಸನ್ ಎಂಬವರು ತುಂಬಾ ಕಷ್ಟದ ಹಿನ್ನೆಲೆಯ ಮಕ್ಕಳ ಜೊತೆ ಮೈದಾನದಲ್ಲಿ ಕೆಲಸ ಮಾಡಿ ಒಂದು ಕ್ರಮ ಕಂಡುಕೊಂಡಿದ್ದರು. ಮೊದಲು ಬೇರೆಯವರನ್ನು ನೋಯಿಸದೆ ಇರುವುದು. ಆಮೇಲೆ ಪ್ರಯತ್ನ ಬಿಡದಿರುವುದು. ಆಮೇಲೆ ಯಾರೂ ಹೇಳದೆಯೇ ತಾನಾಗಿ ಅಭ್ಯಾಸ ಮಾಡುವುದು. ಆಮೇಲೆ ಇನ್ನೊಬ್ಬರಿಗೆ ನೆರವಾಗುವುದು. ಕೊನೆಗೆ ಇವನ್ನೆಲ್ಲ ಮೈದಾನದ ಆಚೆಗೂ ಒಯ್ಯುವುದು. ನಿಮ್ಮ ಒಳ್ಳೆಯ ಆಟಗಾರರಲ್ಲಿ ಕೆಲವರು ಆಟದಲ್ಲಿ ಮುಂದಿದ್ದು ಈ ಕ್ರಮದಲ್ಲಿ ಮೊದಲ ಮೆಟ್ಟಿಲಲ್ಲೇ ಇರಬಹುದು. ಅವರಿಗೂ ಕಲಿಯಲು ಬೇಕಾದಷ್ಟಿದೆ. ಶಾಲಾ ತಂಡದ ಪ್ರಾಕ್ಟೀಸ್ ಬೇಕು ಅನ್ನುವವರಿಗೆ ಶಾಲೆ ಬಿಟ್ಟ ಮೇಲೆ ಬೇರೆ ಹೊತ್ತು ಕೊಡಿ. ಆಟದ ಪೀರಿಯಡ್ 40 ಮಕ್ಕಳದ್ದೂ ಹೌದು.

ಬೀಪ್ ಟೆಸ್ಟ್. 1980ರ ದಶಕದಲ್ಲಿ ಕೆನಡಾದ ಲುಕ್ ಲೆಜೆ ಮತ್ತು ಅವರ ಜೊತೆಗಾರರು ರೂಪಿಸಿದ್ದು. 20 ಮೀಟರ್ ಅಂತರ, ಗಂಟೆಗೆ 8.5 ಕಿ.ಮೀ. ವೇಗದಲ್ಲಿ ಶುರು, ನಿಮಿಷಕ್ಕೊಮ್ಮೆ ಅರ್ಧ ಕಿ.ಮೀ. ಏರಿಕೆ. ಅಳತೆಯಾಗಿ ಒಳ್ಳೆಯ ಟೆಸ್ಟ್. ಆದರೆ ಅದರ ಸ್ವಭಾವವೇ ಹಾಗೆ, ಮೊದಲು ನಿಲ್ಲುವ ಮಗು ಎಲ್ಲರ ಕಣ್ಣಿಗೆ ಬೀಳುತ್ತದೆ. ಉಳಿದವರು ಓಡುತ್ತಿರುವಾಗ ಅದು ಒಂಟಿಯಾಗಿ ಗೆರೆ ಪಕ್ಕ ನಿಂತಿರುತ್ತದೆ. ಹಾಗಾಗಿ ಒಂದು ಸಲಕ್ಕೆ ಎಂಟು ಹತ್ತು ಮಕ್ಕಳನ್ನು ಮಾತ್ರ ಓಡಿಸಿ. ಉಳಿದವರು ಮೈದಾನದ ಇನ್ನೊಂದು ತುದಿಯಲ್ಲಿ ಆಡುತ್ತಿರಲಿ. ಓಡುವವರಿಗೆ ಒಬ್ಬೊಬ್ಬ ಜೊತೆಗಾರ ಇದ್ದು ಲೆಕ್ಕ ಇಡಲಿ. ಓಟ ನಿಲ್ಲಿಸಿದವರು ಸುಮ್ಮನೆ ನಿಲ್ಲದೆ ಪಕ್ಕದ ಸಾಲಿನಲ್ಲಿ ನಡೆಯುತ್ತಿರಲಿ, ದೇಹಕ್ಕೂ ಅದೇ ಒಳ್ಳೆಯದು. ಸಂಖ್ಯೆಯನ್ನು ಅವರವರ ಕಾರ್ಡಿನಲ್ಲಿ ಅವರೇ ಬರೆಯಲಿ. ಜೋರಾಗಿ ಓದಬೇಡಿ, ಗೋಡೆಗೆ ಅಂಟಿಸಬೇಡಿ, ಅದಕ್ಕೆ ಮಾರ್ಕ್ಸ್ ಕೊಡಬೇಡಿ. ಕೆಲವು ತಿಂಗಳ ನಂತರ ಇನ್ನೊಮ್ಮೆ ಮಾಡಿದಾಗ ಹೋಲಿಸುವುದು ತನ್ನದೇ ಹಳೇ ಸಂಖ್ಯೆಯ ಜೊತೆ. ತೂಕ ನೋಡಲೇಬೇಕು ಅಂದರೆ ಪರದೆಯ ಹಿಂದೆ, ಒಬ್ಬೊಬ್ಬರನ್ನೇ ಕರೆದು. ತೂಕದ ಬಗ್ಗೆ ಮೈದಾನದಲ್ಲಿ ಒಂದು ಮಾತೂ ಬೇಡ, ಹೊಗಳಿಕೆಯೂ ಬೇಡ.

ಶಾಲಾ ಆಪ್ತಸಲಹೆಗಾರ್ತಿ

ಮಿಸ್, ನೀವು ಕೋನ್ ಎತ್ತಿಡುವಾಗ ಮಾತಾಡಿದ್ದು ನನಗೆ ತುಂಬಾ ಇಷ್ಟ ಆಯಿತು. ಈ ವಯಸ್ಸಿನವರು ಎದುರು ಕೂರಿಸಿ ಕೇಳಿದರೆ ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ನಡೆಯುತ್ತಾ, ಕೈಯಲ್ಲಿ ಏನೋ ಕೆಲಸ ಇರುವಾಗ ಮಾತು ಬರುತ್ತದೆ. ಈ ಅವಕಾಶ ನನ್ನ ಕೋಣೆಗಿಂತ ನಿಮ್ಮ ಮೈದಾನದಲ್ಲಿ ಜಾಸ್ತಿ.

ಜಗತ್ತಿನಲ್ಲಿ 10ರಿಂದ 19 ವರ್ಷದವರಲ್ಲಿ ಏಳರಲ್ಲಿ ಒಬ್ಬರಿಗೆ ಯಾವುದಾದರೂ ಮಾನಸಿಕ ತೊಂದರೆ ಇದೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 40 ಮಕ್ಕಳ ಕ್ಲಾಸ್ ಅಂದರೆ ಲೆಕ್ಕ ನೀವೇ ಹಾಕಿ. ಅವರಲ್ಲಿ ಹೆಚ್ಚಿನವರು ನನ್ನ ಹತ್ತಿರ ಬರುವುದೇ ಇಲ್ಲ. ಆದರೆ ನಿಮ್ಮ ಕಣ್ಣೆದುರು ವಾರಕ್ಕೆ ಎರಡು ಸಲ ಓಡಾಡುತ್ತಾರೆ. ಕ್ಲಾಸ್ ಟೀಚರ್‌ಗೆ ಡೆಸ್ಕ್ ಹಿಂದಿನ ಮಗು ಕಾಣುತ್ತದೆ, ನಿಮಗೆ ಇಡೀ ಮಗು ಕಾಣುತ್ತದೆ.

ಗಮನ ಕೊಡಬೇಕಾದದ್ದು ಬದಲಾವಣೆಗೆ. ಮೊದಲಿಂದಲೂ ಮೌನವಾಗಿರುವ ಮಗುವಿಗಿಂತ, ಈಚೆಗೆ ಮೌನವಾದ ಮಗುವಿನ ಬಗ್ಗೆ ಕಾಳಜಿ ಮಾಡಿ. ಇಷ್ಟದ ಆಟವನ್ನೇ ಬಿಟ್ಟವನು. ಜೊತೆಗಾರರೆಲ್ಲ ದೂರ ಆಗಿ ಒಬ್ಬಳೇ ಉಳಿದವಳು. ಸಣ್ಣ ಸೋಲಿಗೂ ಸಿಡಿದು ಬೀಳುವವನು. ಸೆಕೆಯಲ್ಲೂ ತೋಳು ಮುಚ್ಚಿಕೊಂಡು, ಬಟ್ಟೆ ಬದಲಿಸಲು ಒಪ್ಪದವಳು. ಇನ್ನೊಂದು ಕಡೆ, ಊಟ ಬಿಟ್ಟು ಮಿತಿಮೀರಿ ಓಡುವ ಮಗುವೂ ಇರುತ್ತದೆ. ಅದನ್ನು ಎಲ್ಲರೂ ಶಿಸ್ತು ಅಂತ ಹೊಗಳುತ್ತಾರೆ, ಅಪಾಯ ಅಲ್ಲೇ ಇರುತ್ತದೆ. ಇವೆಲ್ಲಕ್ಕೂ ಬೇರೆ ಕಾರಣಗಳೂ ಇರಬಹುದು, ಹಾಗಾಗಿ ಹೆಸರಿಡಲು ಹೋಗಬೇಡಿ. "ಈಚೆಗೆ ನೀನು ಮೊದಲಿನ ಹಾಗಿಲ್ಲ ಅನಿಸಿತು, ಹೇಗಿದ್ದೀಯ?" ಎಂದರೆ ಸಾಕು.

ಮಗು ಏನಾದರೂ ಗಂಭೀರವಾದದ್ದು ಹೇಳಿದರೆ "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. "ನಿನಗೆ ಸಹಾಯ ಮಾಡೋಕೆ ಇನ್ನೊಬ್ಬರಿಗೆ ಹೇಳಬೇಕಾಗಬಹುದು, ಯಾರಿಗೆ ಅಂತ ನಿನಗೆ ಮೊದಲು ಹೇಳ್ತೀನಿ" ಎನ್ನಿ. ಅದೇ ದಿನ ನನ್ನಂಥವರಿಗೆ ತಿಳಿಸಿ. ಸಾಯುವ ಮಾತು, ತನಗೆ ತಾನೇ ಗಾಯ ಮಾಡಿಕೊಳ್ಳುವ ಮಾತು ಬಂದರೆ ಆ ಮಗುವನ್ನು ಒಂಟಿಯಾಗಿ ಬಿಡಬೇಡಿ, ಕೂಡಲೇ ಕರೆಯಿರಿ. ಚಿಕಿತ್ಸೆ ನಿಮ್ಮ ಕೆಲಸ ಅಲ್ಲ. ಮೊದಲು ಕಂಡವರು ನೀವು, ಅಷ್ಟೇ ಸಾಕು.

ನೀವು ಕೇಳಿದ ಉಸಿರಾಟದ ವಿಷಯ: ಕೂಲ್‌ಡೌನ್‌ನಲ್ಲಿ, ಅಂದರೆ ಆಟ ಮುಗಿದು ಮೈ ತಣಿಸುವಾಗ, ಎರಡು ಮೂರು ನಿಮಿಷ ಮಾಡಿಸಿ. ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ಉದ್ದವಾಗಿರಲಿ. ಕಣ್ಣು ಮುಚ್ಚಲೇಬೇಕು ಅಂತ ಒತ್ತಾಯ ಬೇಡ. ಕೆಲವು ಮಕ್ಕಳಿಗೆ ಕಣ್ಣು ಮುಚ್ಚಿದರೆ ಹೆದರಿಕೆ ಜಾಸ್ತಿ ಆಗುತ್ತದೆ. ನೆಲ ನೋಡುತ್ತಾ ಮಾಡಿದರೂ ಆಯಿತು.

ಫಿಸಿಯೋಥೆರಪಿಸ್ಟ್

ಚಿಕ್ಕದಾಗಿ ಒಂದು ವಿಷಯ. 12ರಿಂದ 15 ವರ್ಷದ ನಡುವೆ ಮಕ್ಕಳು ಒಮ್ಮೆಲೇ ಉದ್ದ ಆಗುತ್ತಾರೆ, ವರ್ಷಕ್ಕೆ 8ರಿಂದ 10 ಸೆಂ.ಮೀ. ಬೆಳೆಯುವವರೂ ಇದ್ದಾರೆ. ಆ ಹೊತ್ತಿಗೆ ಕೈಕಾಲು ತಮ್ಮ ಮಾತು ಕೇಳುವುದಿಲ್ಲ ಅನಿಸುತ್ತದೆ. ಕಳೆದ ವರ್ಷ ಸಲೀಸಾಗಿ ಹಿಡಿಯುತ್ತಿದ್ದ ಚೆಂಡು ಈಗ ಕೈ ತಪ್ಪುತ್ತದೆ. ಮಗು "ನನಗೆ ಆಟ ಬರಲ್ಲ" ಅಂತ ತೀರ್ಮಾನ ಮಾಡಿಬಿಡುತ್ತದೆ. ಇದು ಬೆಳವಣಿಗೆ, ಸ್ವಲ್ಪ ತಿಂಗಳಲ್ಲಿ ಸರಿ ಹೋಗುತ್ತದೆ ಅಂತ ಯಾರಾದರೂ ಹೇಳಬೇಕು. ನೀವೇ ಹೇಳಿ.

ಮಂಡಿಚಿಪ್ಪಿನ ಕೆಳಗೆ ಮೂಳೆ ಉಬ್ಬಿ, ಓಡಿದಾಗ ಹಾರಿದಾಗ ನೋವು ಅನ್ನುವ ಮಕ್ಕಳನ್ನು ನೆಪ ಹೇಳುತ್ತಾರೆ ಅಂದುಕೊಳ್ಳಬೇಡಿ. ಬೆಳೆಯುವ ವಯಸ್ಸಿನಲ್ಲಿ ಇದು ಮಾಮೂಲಿ, ಆಸ್‌ಗುಡ್ ಷ್ಲಾಟರ್ ಎನ್ನುತ್ತಾರೆ. ಹಾರುವುದನ್ನು ಕಡಿಮೆ ಮಾಡಿ ಬೇರೆ ಆಟ ಕೊಡಿ, ನೋವು ಉಳಿದರೆ ಡಾಕ್ಟರಿಗೆ ತೋರಿಸಲಿ. ಆಸ್ತಮಾ ಇರುವ ಮಕ್ಕಳ ಇನ್ಹೇಲರ್ ಬ್ಯಾಗಿನಲ್ಲಿ, ಬ್ಯಾಗ್ ಕ್ಲಾಸಿನಲ್ಲಿ ಅಂತ ಆಗಬಾರದು. ಮೈದಾನದಲ್ಲೇ ಕೈಗೆ ಸಿಗಬೇಕು. ಅವರಿಗೆ ನಿಧಾನದ ವಾರ್ಮ್‌ಅಪ್ ಕೂಡ ಮುಖ್ಯ.

ಗಣಿತ ಟೀಚರ್

ಪರೀಕ್ಷೆ ಬಂದಾಗ ಪೀರಿಯಡ್ ಕೇಳುವವರು ಅಂದಿರಲ್ಲ, ಆ ಗುಂಪಿನಿಂದ ಬರೆಯುತ್ತಿದ್ದೇನೆ. ನಾನು ನಿಮ್ಮ ಪರ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, 2010ರಲ್ಲಿ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತ್ತು. ಶಾಲೆಯ ದೈಹಿಕ ಚಟುವಟಿಕೆಗೂ ಓದಿಗೂ ಇರುವ ಸಂಬಂಧವನ್ನು ಅವು 251 ಕಡೆ ಅಳೆದಿದ್ದವು. ಅರ್ಧದಷ್ಟರಲ್ಲಿ ಓದಿಗೆ ಅನುಕೂಲವೇ ಕಂಡಿತು. ಉಳಿದವುಗಳಲ್ಲಿ ಬಹುಪಾಲು ಯಾವ ವ್ಯತ್ಯಾಸವೂ ಇರಲಿಲ್ಲ. ತೊಂದರೆ ಕಂಡದ್ದು ನೂರಕ್ಕೆ ಎರಡಕ್ಕಿಂತ ಕಡಿಮೆ. ಅಂದರೆ ಆಟದ ಪೀರಿಯಡ್ ತೆಗೆದು ಗಣಿತಕ್ಕೆ ಕೊಟ್ಟರೆ ಮಾರ್ಕ್ಸ್ ಏರುತ್ತದೆ ಅನ್ನುವ ನಂಬಿಕೆಗೆ ಆಧಾರ ಇಲ್ಲ. ಮಕ್ಕಳಿಗೆ ಅತಿ ಹೆಚ್ಚು ಟೆನ್ಷನ್ ಇರುವ ತಿಂಗಳಲ್ಲೇ ಅದನ್ನು ಇಳಿಸುವ ಪೀರಿಯಡ್ ತೆಗೆಯುವುದು ಯಾವ ಲೆಕ್ಕದಲ್ಲೂ ಸರಿ ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಷ್ಟು ಚಟುವಟಿಕೆ ಬೇಕು. ನಿಮ್ಮದು ವಾರಕ್ಕೆ ಎಲ್ಲ ಸೇರಿ 80 ನಿಮಿಷ. ಇರುವುದೇ ಇಷ್ಟು, ಅದರಲ್ಲೂ ಕಡಿತ ಬೇರೆಯಾ? ದೈಹಿಕ ಶಿಕ್ಷಣ ಎಲ್ಲರ ಮೂಲಭೂತ ಹಕ್ಕು ಎಂದು ಯುನೆಸ್ಕೋ 1978ರಲ್ಲೇ ಸನ್ನದು ತಂದಿದೆ, 2015ರಲ್ಲಿ ಅದನ್ನು ಪರಿಷ್ಕರಿಸಿದೆ. ಹೆಡ್‌ಮಿಸ್‌ಗೆ ಇವೆಲ್ಲವನ್ನೂ ಒಂದು ಪುಟದಲ್ಲಿ ಬರೆದುಕೊಡಿ. ಈಗಲೇ ಕೊಡಿ, ಪರೀಕ್ಷೆ ವೇಳಾಪಟ್ಟಿ ಹಾಕುವ ಮೊದಲು. ಒಮ್ಮೆ ಪಟ್ಟಿ ಹಾಕಿದ ಮೇಲೆ ಯಾರೂ ಬದಲಿಸಲು ಒಪ್ಪುವುದಿಲ್ಲ. ನಿಮ್ಮ ಶಾಲೆಯಲ್ಲಿ ಬೇರೆ ವಿಷಯದ ಒಬ್ಬರ ಸಹಿಯನ್ನಾದರೂ ಜೊತೆಗೆ ಹಾಕಿಸಿಕೊಳ್ಳಿ. ಪಿಟಿ ಟೀಚರ್ ಒಬ್ಬರೇ ಕೇಳಿದರೆ ತಮ್ಮ ಪೀರಿಯಡ್‌ಗೆ ಕೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಗಣಿತದವರೋ ವಿಜ್ಞಾನದವರೋ ಸಹಿ ಹಾಕಿದರೆ ಓದಿ ನೋಡುತ್ತಾರೆ.

ಹೊಸ ಪಿಟಿ ಮಿಸ್

ಎಲ್ಲರಿಗೂ ಕೈ ಮುಗಿಯುತ್ತೇನೆ. ನಮ್ಮ ವಿಜ್ಞಾನದ ಮೇಡಂ ಸಹಿ ಹಾಕಲು ಒಪ್ಪಿದ್ದಾರೆ, ಪತ್ರ ಈ ವಾರವೇ ಕೊಡುತ್ತೇನೆ. ಚಿಲಕದ ವಿಷಯ ಆಫೀಸಿಗೆ ಬರೆದಾಗಿದೆ. ಬೀಪ್ ಟೆಸ್ಟ್‌ಗೆ ಕಾರ್ಡ್‌ಗಳನ್ನು ಮಕ್ಕಳೇ ತಯಾರು ಮಾಡುತ್ತಿದ್ದಾರೆ.

ಮೇಷ್ಟ್ರೇ, ಒಂದೇ ಒಂದು ಕೇಳುತ್ತೇನೆ. ಸೀಸನ್ ಶುರು ಮಾಡಲು ವಾಲಿಬಾಲ್ ಸರಿಯಾ, ಬ್ಯಾಸ್ಕೆಟ್‌ಬಾಲ್ ಸರಿಯಾ?

ಮೈದಾನದ ಮೇಷ್ಟ್ರು

ವಾಲಿಬಾಲ್ ಮೇಡಂ. ನಡುವೆ ನೆಟ್ ಇರುವುದರಿಂದ ಮೈ ಮೇಲೆ ಬೀಳುವ ಹೆದರಿಕೆ ಇಲ್ಲ. ನೆಟ್ ಬದಲು ಹಗ್ಗ ಕಟ್ಟಿದರೂ ನಡೆಯುತ್ತದೆ. ಮೊದಲ ಎರಡು ವಾರ ಹಗುರ ಚೆಂಡು, ಒಂದು ಪುಟಿತಕ್ಕೆ ಅವಕಾಶ, ಸರ್ವ್ ಅಂಕಣದ ಒಳಗಿಂದ. ಆಮೇಲೆ ಯಾವ ನಿಯಮ ಬಿಗಿ ಮಾಡೋಣ ಎಂದು ಮಕ್ಕಳನ್ನೇ ಕೇಳಿ.